ಶಾಲೆಯ ಕೋಣೆ ಯಾರ ಸಾಲದ ಮೇಲೆ ನಿಂತಿದೆ?

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆಯ ಬಗ್ಗೆ ಮಾತಾಡಿ, ಸಾಲದ ಬಗ್ಗೆ ಮಾತಾಡಿ ಅಂತ ನನ್ನನ್ನು ಇಲ್ಲಿಗೆ ಕರೆಸಿದ್ದಾರೆ. ನಾನು ಶಾಲೆಯ ಕೋಣೆಯ ಬಗ್ಗೆ ಮಾತಾಡುವವನಿದ್ದೇನೆ. ಇದೇನು ಮಾಸ್ತರರ ಸಂಘದ ಸಭೆಯೇ ಅಂತ ಒಬ್ಬರ ಮುಖ ಒಬ್ಬರು ನೋಡಬೇಡಿ. ಸಾಲದ ದಾರಿಯಲ್ಲೇ ನಾನು ಈ ಕೋಣೆಗೆ ಬಂದು ನಿಂತವನು.

ನಮ್ಮ ಕಡೆ ಎಂಟು ಎಕರೆ ಎರೆ ಹೊಲ ಇರುವ ರೈತನೊಬ್ಬನ ಜೊತೆ ಅವನ ಸಾಲದ ಲೆಕ್ಕ ಬರೆಯುತ್ತಾ ಕೂತಿದ್ದೆ. ಬೀಜ, ಗೊಬ್ಬರ, ಎಣ್ಣೆ, ದವಾಖಾನೆ, ತಂಗಿಯ ಮದುವೆ, ಎಲ್ಲ ನಮಗೆ ಗೊತ್ತಿರುವ ಬಾಬತ್ತುಗಳೇ. ಕೊನೆಗೆ ಮೂವತ್ತು ಸಾವಿರ ಕೈಗಡ ಅಂತ ಒಂದು ಬಂತು. ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿ. ಇದು ಯಾತಕ್ಕಪ್ಪಾ ಅಂತ ಕೇಳಿದೆ. "ಇಬ್ಬರು ಹುಡುಗರ ಫೀಜು, ವ್ಯಾನಿನ ಬಾಡಿಗೀರಿ ಕಾಕಾ" ಅಂದ. ಊರಲ್ಲೇ ಸರ್ಕಾರಿ ಶಾಲೆ ಇದೆಯಲ್ಲೋ ಅಂದೆ. ಅವನು ಹೇಳಿದ: "ಐತ್ರಿ. ಮಾಸ್ತರರೂ ಛಲೋ ಅದಾರ. ಆದ್ರ ಮಾಳಿಗಿ ಸೋರ್ತೈತಿ. ಮಳಿಗಾಲದಾಗ ಮೂರು ಇಯತ್ತೆ ಹುಡುಗರನ್ನ ಒಂದ ಕೋಣ್ಯಾಗ ಕುಂದರಸ್ತಾರ. ಸಿಮೆಂಟಿನ ಹೆಂಟಿ ಒಮ್ಮೆ ಹುಡುಗಿ ಮಗ್ಗಲಕ್ಕ ಬಿತ್ತು. ಅವತ್ತ ಬಿಡಿಸಿದೆ."

ಈಗ ಲೆಕ್ಕ ಹಾಕಿ. ಮೂವತ್ತು ಸಾವಿರಕ್ಕೆ ತಿಂಗಳಿಗೆ ಒಂಬೈನೂರು ಬಡ್ಡಿ, ವರ್ಷಕ್ಕೆ ಹತ್ತು ಸಾವಿರದ ಎಂಟುನೂರು. 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಂದರೆ ಬರೀ ಬಡ್ಡಿಗೇ ಒಂದು ಕ್ವಿಂಟಲ್ ಮೂವತ್ತೈದು ಕಿಲೋ ತೊಗರಿ ಹೋಯಿತು. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ! ಅಸಲು ಹಾಗೇ ನಿಂತಿದೆ. ಬರುವ ಜೂನಿಗೆ ಮತ್ತೆ ಫೀಜು. ಸೋರುವ ಮಾಳಿಗೆಯನ್ನು ಸರ್ಕಾರ ರಿಪೇರಿ ಮಾಡಲಿಲ್ಲ, ಆ ಖರ್ಚನ್ನು ಈ ರೈತ ಬಡ್ಡಿಯ ರೂಪದಲ್ಲಿ ಕಟ್ಟುತ್ತಿದ್ದಾನೆ. ಇದು ಸಾಲದ ವಿಷಯ ಹೌದೋ ಅಲ್ಲವೋ ನೀವೇ ಹೇಳಿ.

ಸರ್ಕಾರದ ಹತ್ತಿರ ದುಡ್ಡಿಲ್ಲ, ಏನು ಮಾಡೋದು ಅಂತ ನಮ್ಮವರೇ ಕೆಲವರು ಸಮಾಧಾನ ಹೇಳುತ್ತಾರೆ. ದುಡ್ಡು ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡೋಣ.

ಮನೆಗೆ ಹೋದ ಮೇಲೆ ಪಂಚಾಯಿತಿಗೆ ಕಂದಾಯ ಕಟ್ಟಿದ ರಶೀದಿ ತೆಗೆದು ನೋಡಿ. ಮನೆ ಕಂದಾಯದ ಕೆಳಗೆ ಸಣ್ಣ ಸಣ್ಣ ಸಾಲುಗಳಿರುತ್ತವೆ: ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ, ಶಿಕ್ಷಣ ಕರ. ಮೊತ್ತ ಚಿಕ್ಕದು, ನಾವು ಓದುವುದೇ ಇಲ್ಲ. ದೊಡ್ಡದು ಬೇರೆ ಇದೆ. 2004ರಲ್ಲಿ ಕೇಂದ್ರ ಸರ್ಕಾರ ಎಲ್ಲ ಕೇಂದ್ರ ತೆರಿಗೆಗಳ ಮೇಲೆ ನೂರಕ್ಕೆ ಎರಡರಂತೆ ಶಿಕ್ಷಣ ಸೆಸ್ ಹಾಕಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಅಂತ ಇನ್ನೊಂದು ಸೇರಿಸಿತು. ವರಮಾನ ತೆರಿಗೆ ಕಟ್ಟುವವರಿಗೆ ತಾನೇ ಅದು ಅಂತ ನೀವು ಕೇಳಬಹುದು. ಅಲ್ಲ. ಅಬಕಾರಿ ಸುಂಕದ ಮೇಲೂ ಇತ್ತು. ಟ್ರ್ಯಾಕ್ಟರಿಗೆ ಹಾಕಿದ ಡೀಸೆಲ್ಲಿನಲ್ಲಿ, ಬದಲಾಯಿಸಿದ ಟೈರಿನಲ್ಲಿ ನೀವು ಈ ಸೆಸ್ ಕೊಟ್ಟಿದ್ದೀರಿ. 2015ರಲ್ಲಿ ಅಬಕಾರಿಯ ಮೇಲಿನ ಈ ಸೆಸ್ ತೆಗೆದರು. ಅಲ್ಲಿಯ ತನಕ ಹನ್ನೊಂದು ವರ್ಷ ದೇಶದ ರೈತ ಗೊತ್ತಿಲ್ಲದೇ ಶಾಲೆಗೆ ವಂತಿಗೆ ಕೊಟ್ಟ. ವರಮಾನ ತೆರಿಗೆಯ ಮೇಲಿನದು 2018ರಿಂದ ಆರೋಗ್ಯ ಮತ್ತು ಶಿಕ್ಷಣ ಸೆಸ್ ಎಂಬ ಹೆಸರಿನಲ್ಲಿ ನೂರಕ್ಕೆ ನಾಲ್ಕು ಆಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ಗಮನ ಕೊಡಿ. ಕೇಂದ್ರ ವಸೂಲು ಮಾಡುವ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಇದೆ. ಅದು ಸಂವಿಧಾನದ ಮಾತು. ಆದರೆ ಸೆಸ್ಸಿನಲ್ಲಿ ಪಾಲು ಇಲ್ಲ. ಸೆಸ್ ಪೂರ್ತಿ ದಿಲ್ಲಿಯದು. ಅದು ಮರಳಿ ರಾಜ್ಯಕ್ಕೆ ಬರಬೇಕಾದರೆ ಯೋಜನೆಯ ವೇಷ ಹಾಕಿಕೊಂಡು, ಷರತ್ತು ಕಟ್ಟಿಕೊಂಡು ಬರುತ್ತದೆ. ಮೊದಲು ಸರ್ವ ಶಿಕ್ಷಾ ಅಭಿಯಾನ, 2018ರಿಂದ ಸಮಗ್ರ ಶಿಕ್ಷಾ. ನಮ್ಮಂಥ ರಾಜ್ಯಕ್ಕೆ ಕೇಂದ್ರದ್ದು ಅರವತ್ತು, ರಾಜ್ಯದ್ದು ನಲವತ್ತು. ರಾಜ್ಯ ನಲವತ್ತು ಇಟ್ಟರೆ ಅರವತ್ತು. ಜೊತೆಗೆ ಸರ್ವ ಶಿಕ್ಷಾ ಅಭಿಯಾನದಲ್ಲಿ ಕಟ್ಟಡ ಕಾಮಗಾರಿಗೆ ಒಟ್ಟು ಹಣದಲ್ಲಿ ನೂರಕ್ಕೆ ಮೂವತ್ತಮೂರು ದಾಟಬಾರದು ಅಂತ ಮಿತಿ ಇತ್ತು. ಮೊದಮೊದಲು ಕೋಣೆ ಇರುವ ಜಿಲ್ಲೆಗೂ ಅದೇ ಮಿತಿ, ಕೋಣೆಯೇ ಇಲ್ಲದ ಜಿಲ್ಲೆಗೂ ಅದೇ ಮಿತಿ. ಉಂಡವನಿಗೂ ಉಪವಾಸ ಇದ್ದವನಿಗೂ ಒಂದೇ ರೊಟ್ಟಿ ಹಾಕಿದ ಹಾಗೆ.

ಇನ್ನು ನಮ್ಮ ಪತ್ರಿಕೆ ಓದುವವರು ಚೆನ್ನಾಗಿ ತಿಳಿಯಬೇಕಾದ ಒಂದು ದಾರಿ ಇದೆ. ಬ್ಯಾಂಕುಗಳು ತಮ್ಮ ಸಾಲದಲ್ಲಿ ಇಷ್ಟು ಪಾಲು ಕೃಷಿಗೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಕೊಡದೇ ಕೊರತೆ ಮಾಡಿದ ಬ್ಯಾಂಕು ಆ ಹಣವನ್ನು ನಬಾರ್ಡಿನಲ್ಲಿ ಇಡಬೇಕು. 1995-96ರಲ್ಲಿ ಹೀಗೆ ಶುರುವಾದದ್ದು ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ, ಆರ್.ಐ.ಡಿ.ಎಫ್. ಅಂತ ಇಂಜಿನಿಯರರು ಹೇಳುತ್ತಾರಲ್ಲ, ಅದೇ. ಮೊದಲ ವರ್ಷ 2,000 ಕೋಟಿ. ನಬಾರ್ಡು ಆ ಹಣವನ್ನು ರಾಜ್ಯ ಸರ್ಕಾರಗಳಿಗೆ ಸಾಲ ಕೊಡುತ್ತದೆ. ಅದರಲ್ಲಿ ಕೆರೆ, ರಸ್ತೆ, ಸೇತುವೆ, ಆಮೇಲೆ ಶಾಲಾ ಕೊಠಡಿ. ನಮ್ಮ ರಾಜ್ಯದಲ್ಲೂ ಈ ಹಣದಲ್ಲಿ ಕೋಣೆಗಳು ಎದ್ದಿವೆ.

ಇದರ ಅರ್ಥ ಬಿಡಿಸಿ ನೋಡಿ. ನೀವು ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದಿರಿ, ಮ್ಯಾನೇಜರು ನಾಳೆ ಬಾ ಅಂದರು. ನಿಮಗೆ ಕೊಡದ ಆ ಸಾಲ ಮುಂಬೈಗೆ ಹೋಯಿತು, ಅಲ್ಲಿಂದ ಬೆಂಗಳೂರಿಗೆ ಸಾಲವಾಗಿ ಬಂತು, ಬೆಂಗಳೂರಿನಿಂದ ನಿಮ್ಮೂರಿಗೆ ಕೋಣೆಯಾಗಿ ಬಂತು. ಅದಕ್ಕೆ ಬಡ್ಡಿ ಇದೆ, ವರ್ಷದ ಕಂತು ಇದೆ. ಕಂತು ಕಟ್ಟುವ ದುಡ್ಡು ಮತ್ತೆ ನಿಮ್ಮ ತೆರಿಗೆಯದು. ಅತ್ತ ನೀವು ಬೆಳೆಸಾಲ ಸಿಗದೇ ನೂರಕ್ಕೆ ಮೂರರ ಬಡ್ಡಿಗೆ ಹೋದಿರಿ. ಒಂದೇ ಹಣದ ಮೇಲೆ ರೈತ ಎರಡು ಕಡೆ ಬಡ್ಡಿ ಕೊಟ್ಟ. ಕೋಣೆ ಬೇಡ ಅಂತ ನಾನು ಹೇಳುತ್ತಿಲ್ಲ. "ಸರ್ಕಾರ ಕೊಟ್ಟಿತು" ಅಂತ ಗೋಡೆಯ ಮೇಲೆ ಕಲ್ಲು ಕೆತ್ತಿಸಿದಾಗ ಆ ಕಲ್ಲನ್ನು ಓದುವ ರೀತಿ ಬೇರೆ ಇರಬೇಕು ಅಂತ ಹೇಳುತ್ತಿದ್ದೇನೆ.

ಇದು ಹೊಸದೂ ಅಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಶುರುವಾಯಿತು. ಪ್ರತಿ ಪ್ರಾಥಮಿಕ ಶಾಲೆಗೆ ಎಲ್ಲ ಕಾಲಕ್ಕೂ ಕೂಡಬಹುದಾದ ಎರಡು ಕೋಣೆ, ವರಾಂಡ, ಇಬ್ಬರು ಶಿಕ್ಷಕರು, ಕಪ್ಪು ಹಲಗೆ. ಮಾತು ಚೆಂದ ಇತ್ತು. ಕೋಣೆ ಕಟ್ಟುವ ಹಣ ಮಾತ್ರ ಆ ಯೋಜನೆಯೊಳಗೆ ಇರಲಿಲ್ಲ. ಗ್ರಾಮೀಣ ಉದ್ಯೋಗ ಯೋಜನೆಗಳ ಹಣದಲ್ಲಿ ಕಟ್ಟಿಕೊಳ್ಳಿ ಅಂದರು. ಅಂದರೆ ಬರಗಾಲದಲ್ಲಿ ಕೂಲಿಕಾರನ ಹೊಟ್ಟೆಗೆ ಅಂತ ಇಟ್ಟ ಹಣದಲ್ಲಿ ಸಿಮೆಂಟು ಕಬ್ಬಿಣ ತರಬೇಕು. 1994ರ ನಂತರ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂತು. ನಮ್ಮಲ್ಲಿ ಮೊದಲ ಸುತ್ತಿಗೆ ಬೆಳಗಾವಿ, ರಾಯಚೂರು, ಮಂಡ್ಯ, ಕೋಲಾರ. ಹೆಣ್ಣುಮಕ್ಕಳ ಸಾಕ್ಷರತೆ ಕಡಿಮೆ ಇರುವ ಜಿಲ್ಲೆ ಮೊದಲು ಅನ್ನುವ ತತ್ವ ಅದರಲ್ಲಿತ್ತು, ಅದು ಒಳ್ಳೆಯದೇ. ಅದರ ಹಿಂದೆ ಇದ್ದದ್ದು ವಿಶ್ವ ಬ್ಯಾಂಕಿನ ಸಾಲ.

ಸರಿ. ದುಡ್ಡು ನಮ್ಮದೇ, ಸಾಲವೂ ನಮ್ಮ ಹೆಸರಿನದೇ. ಹಾಗಾದರೆ ಅದು ಬಡ ತಾಲ್ಲೂಕಿಗೆ ಮೊದಲು ಬರಬೇಕಲ್ಲ, ಯಾಕೆ ಬರುವುದಿಲ್ಲ?

ಇತಿಹಾಸ ಒಂದಿಷ್ಟು ಹೇಳಲೇಬೇಕು. ಹಳೆಯ ಮೈಸೂರಿನಲ್ಲಿ 1913ರಲ್ಲೇ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಆಗಿತ್ತು. ಆ ಹೊತ್ತಿಗೆ ನಿಜಾಮರ ಕೈಯಲ್ಲಿದ್ದ ರಾಯಚೂರು, ಗುಲ್ಬರ್ಗಾ, ಬೀದರಿನಲ್ಲಿ ಆಡಳಿತದ ಭಾಷೆಯೇ ಉರ್ದು. ಕನ್ನಡದ ಹುಡುಗ ಕನ್ನಡದಲ್ಲಿ ಕಲಿಯಬೇಕಾದರೆ ಪಂಡಿತ ತಾರಾನಾಥರಂಥವರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಹಾಗೆ ಯಾರಾದರೂ ಜೋಳಿಗೆ ಹಿಡಿದು ಕಟ್ಟಬೇಕಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಎಲ್ಲ ಒಂದಾದೆವು. ಒಂದಾದಾಗ ಒಬ್ಬರ ಮನೆಯಲ್ಲಿ ಮೂರು ಅಂಕಣ ಇತ್ತು, ಇನ್ನೊಬ್ಬರದು ಬಯಲು. ಆ ಅಂತರ ಎಷ್ಟು ಉಳಿದಿದೆ ಅಂದರೆ, 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಸಾಕ್ಷರತೆ ನೂರಕ್ಕೆ 75, ದಕ್ಷಿಣ ಕನ್ನಡದ್ದು 88 ದಾಟಿತ್ತು. ಯಾದಗಿರಿಯದು ಸುಮಾರು 52.

ಇದನ್ನು ಅಳೆದು ತೂಗಿ ಹೇಳಿದವರು ಡಾ. ಡಿ.ಎಂ. ನಂಜುಂಡಪ್ಪನವರು. ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಜಿಲ್ಲೆಯ ಸರಾಸರಿ ನೋಡಿದರೆ ಮೋಸ ಹೋಗುತ್ತೀರಿ, ತಾಲ್ಲೂಕು ತಾಲ್ಲೂಕು ನೋಡಿ ಅಂದರು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು; ಅದರೊಳಗೆ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವೇ. ದಕ್ಷಿಣದಲ್ಲೂ ಇವೆ, ಅದನ್ನು ಮರೆಯಬಾರದು. ಬಡತನ ಉತ್ತರ ದಕ್ಷಿಣ ನೋಡಿ ಬರುವುದಿಲ್ಲ. ಎಂಟು ವರ್ಷದಲ್ಲಿ 31,000 ಕೋಟಿ ಹಾಕಬೇಕು, ಅದರಲ್ಲಿ 16,000 ಕೋಟಿ ಮಾಮೂಲಿ ಆಯವ್ಯಯದ ಮೇಲೆ ಹೆಚ್ಚುವರಿಯಾಗಿ ಕೊಡಬೇಕು ಅಂತ ಬರೆದರು. ವಿಶೇಷ ಅಭಿವೃದ್ಧಿ ಯೋಜನೆ ಅಂತ ಜಾರಿ ಶುರುವಾದದ್ದು 2007-08ರಲ್ಲಿ. ಐದು ವರ್ಷ ವರದಿ ಕಪಾಟಿನಲ್ಲಿ ಕೂತಿತ್ತು. ಆ ಐದು ವರ್ಷದಲ್ಲಿ ಒಂದನೇ ಇಯತ್ತೆಗೆ ಸೇರಿದ ಹುಡುಗ ಐದು ಮುಗಿಸಿ ಹೊರಗೆ ಬಿದ್ದಿದ್ದ.

ಆಮೇಲೆ 2012ರಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು 371(ಜೆ) ಬಂತು, ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿ ಬಂತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ ಆಯಿತು. 2023-24ರ ಆಯವ್ಯಯದಲ್ಲಿ ಮಂಡಳಿಗೆ 5,000 ಕೋಟಿ ಘೋಷಿಸಿದರು. ಇದು ಹೋರಾಟದಿಂದ ಬಂದದ್ದು, ಕಡಿಮೆ ಅಂತ ಹೇಳಲಾರೆ. ಆದರೆ ಮಂಡಳಿಯ ಹಣ ಶಿಕ್ಷಣ ಇಲಾಖೆಯ ಹಣದ ಮೇಲೆ ಬರಬೇಕು, ಇಲಾಖೆಯ ಹಣದ ಬದಲಿಗೆ ಬರಬಾರದು. ಈ ಕೈಯಲ್ಲಿ ಮಂಡಳಿಯಿಂದ ನೂರು ಕೋಣೆ ಕೊಟ್ಟು, ಆ ಕೈಯಲ್ಲಿ ಇಲಾಖೆಯ ಪಟ್ಟಿಯಿಂದ ನೂರು ಕೋಣೆ ಕಡಿಮೆ ಮಾಡಿದರೆ ನಮಗೆ ಸಿಕ್ಕಿದ್ದೇನು? ನೀವು ಲೆಕ್ಕ ಕೇಳುವಾಗ ಎರಡೂ ಪಟ್ಟಿ ಒಟ್ಟಿಗೆ ಕೇಳಿ. ಒಂದನ್ನೇ ತೋರಿಸಿದರೆ ಒಪ್ಪಬೇಡಿ.

ಈಗ ನಿಯಮಗಳ ಒಳಗೆ ಕೈ ಹಾಕೋಣ. ಅಲ್ಲೇ ನಮಗೆ ಪೆಟ್ಟು ಬೀಳುತ್ತಿರುವುದು.

ಶಿಕ್ಷಣ ಹಕ್ಕು ಕಾಯಿದೆ 2009ರದು, 2010ರ ಏಪ್ರಿಲ್ ಒಂದರಿಂದ ಜಾರಿ. ಅದರ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಪ್ರತಿ ಶಿಕ್ಷಕರಿಗೆ ಒಂದು ಕೋಣೆ, ಮುಖ್ಯ ಶಿಕ್ಷಕರಿಗೆ ಒಂದು, ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಮನೆ, ಆಟದ ಬಯಲು, ಕಾಂಪೌಂಡು. ಮೂರು ವರ್ಷದೊಳಗೆ, ಅಂದರೆ 2013ರ ಮಾರ್ಚಿನೊಳಗೆ ಇದೆಲ್ಲ ಆಗಬೇಕಿತ್ತು. ಆ ಗಡುವು ಹೋಗಿ ಎಷ್ಟು ವರ್ಷ ಆಯಿತು ನೀವೇ ಎಣಿಸಿ. ನಾನು ಹೇಳಬೇಕೆಂದಿರುವುದು ಗಡುವಿನ ಬಗ್ಗೆ ಅಲ್ಲ. ಕೋಣೆಯ ಲೆಕ್ಕವನ್ನು ತರಗತಿಗೆ ಕಟ್ಟಿಲ್ಲ, ಶಿಕ್ಷಕರಿಗೆ ಕಟ್ಟಿದ್ದಾರೆ. ಒಂದರಿಂದ ಐದರ ತನಕ ಅರವತ್ತು ಮಕ್ಕಳಿದ್ದರೆ ಇಬ್ಬರು ಶಿಕ್ಷಕರು. ಇಬ್ಬರು ಶಿಕ್ಷಕರಿಗೆ ಎರಡು ಕೋಣೆ. ಹಾಗಾದರೆ ಐದು ತರಗತಿ ಎರಡು ಕೋಣೆಯಲ್ಲಿ ಕೂತರೆ ಕಾನೂನಿನ ಪ್ರಕಾರ ಎಲ್ಲ ಸರಿ! ಕೊರತೆ ಪಟ್ಟಿಯಲ್ಲಿ ಆ ಶಾಲೆಯ ಹೆಸರು ಬರುವುದೇ ಇಲ್ಲ.

ಈಗ ಗಾಣದ ಎತ್ತು ಹೇಗೆ ತಿರುಗುತ್ತದೆ ನೋಡಿ. ಮಳೆ ಕೈಕೊಟ್ಟಿತು, ಯಾದಗಿರಿ, ರಾಯಚೂರು ಕಡೆಯ ಜನ ಗಂಟು ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲಿಕ್ಕೆ ಹೋದರು. ಮಕ್ಕಳೂ ಜೊತೆಗೆ ಹೋದವು. ಇದ್ದ ಮಕ್ಕಳಲ್ಲಿ ನಮ್ಮಂಥ ಹೊಲಮನೆ ಇರುವವರ ಮಕ್ಕಳು ವ್ಯಾನ್ ಹತ್ತಿದವು. ಹಾಜರಿ ಇಳಿಯಿತು. ಹಾಜರಿ ಇಳಿದದ್ದಕ್ಕೆ ಶಿಕ್ಷಕರ ಹುದ್ದೆ ಬೇರೆ ಶಾಲೆಗೆ ಹೋಯಿತು. ಹುದ್ದೆ ಹೋದ ಮೇಲೆ ಕೋಣೆ ಯಾಕೆ ಬೇಕು? ಕೋಣೆ ಇಲ್ಲದ್ದಕ್ಕೆ ಇನ್ನಷ್ಟು ಮಕ್ಕಳು ಹೋದವು. ಕೊನೆಗೊಂದು ದಿನ, ಮಕ್ಕಳ ಸಂಖ್ಯೆ ಕಡಿಮೆ, ಶಾಲೆಯನ್ನು ಪಕ್ಕದೂರಿಗೆ ಸೇರಿಸುತ್ತೇವೆ ಅಂತ ಕಾಗದ ಬರುತ್ತದೆ. ವ್ಯಾನ್ ಹತ್ತಿಸಿದ ನಮ್ಮದೂ ಇದರಲ್ಲಿ ಪಾಲಿದೆ ಅನ್ನುವುದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳೋಣ. ಕೂಲಿಕಾರನ ಮಗನಿಗೆ ವ್ಯಾನ್ ಇಲ್ಲ. ಅವನು ಸೋರುವ ಕೋಣೆಯಲ್ಲೇ ಉಳಿದ. ಉಳ್ಳವರ ಮಕ್ಕಳು ಇದ್ದಾಗ ಮಾಳಿಗೆ ಸೋರಿದರೆ ಊರಿನ ನಾಲ್ಕು ಜನ ಆಫೀಸಿಗೆ ಹೋಗಿ ಜಗಳ ಮಾಡುತ್ತಿದ್ದರು, ಈಗ ಹೋಗುವವರಿಲ್ಲ.

ಮಣ್ಣಿನ ವಿಷಯ ಬೇರೆ ಇದೆ. ಇದು ನಿಮಗೆ ಇಂಜಿನಿಯರರಿಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನಲ್ಲಿ ಕೈ ಹೋಗುತ್ತದೆ. ಮಳೆ ಬಿದ್ದರೆ ಅದೇ ಭೂಮಿ ಉಬ್ಬುತ್ತದೆ. ಇದರ ಮೇಲೆ ಗೋಡೆ ನಿಲ್ಲಬೇಕಾದರೆ ಎರೆ ದಾಟಿ ಗಟ್ಟಿ ಗರಸು ಸಿಗುವ ತನಕ ಅಗೆಯಬೇಕು, ಇಲ್ಲವೇ ಕಬ್ಬಿಣ ಹಾಕಿ ನೆಲದೊಳಗೆ ಕಂಬ ಇಳಿಸಿ, ಮೇಲೆ ಸುತ್ತ ಬೀಮು ಕಟ್ಟಬೇಕು. ಕೆಂಪು ಮಣ್ಣಿನಲ್ಲಿ ಮೂರಡಿಗೆ ಮುಗಿಯುವ ಅಡಿಪಾಯ ಇಲ್ಲಿ ಎರಡು ಪಟ್ಟು ತಿನ್ನುತ್ತದೆ. ಒಂದು ಕೋಣೆಗೆ ಇಷ್ಟು ಲಕ್ಷ ಅಂತ ಬೆಂಗಳೂರಿನಲ್ಲಿ ಕೂತು ಒಂದೇ ದರ ಬರೆದರೆ ಗುತ್ತಿಗೆದಾರ ಏನು ಮಾಡುತ್ತಾನೆ? ಮೇಲೆ ಕಾಣುವ ಬಣ್ಣ, ಕಿಟಕಿ, ಬಾಗಿಲು ಬಿಡಲಿಕ್ಕೆ ಆಗುವುದಿಲ್ಲ. ಕಾಣದೇ ಇರುವುದು ಅಡಿಪಾಯ. ಅಲ್ಲಿ ಉಳಿಸುತ್ತಾನೆ. ಮೂರು ಮಳೆಗಾಲಕ್ಕೆ ಮೂಲೆಯಿಂದ ಮೂಲೆಗೆ ಸೀಳು ಬಿಡುತ್ತದೆ, ಆ ಸೀಳಿನಲ್ಲಿ ನೀರು ಇಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ, ಮಾಳಿಗೆಯ ಹೆಂಟೆ ಬೀಳುತ್ತದೆ. ಮೊದಲು ಹೇಳಿದೆನಲ್ಲ, ಆ ಹುಡುಗಿಯ ಮಗ್ಗುಲಿಗೆ ಬಿದ್ದ ಹೆಂಟೆ. ಕಾಗದದಲ್ಲಿ ಮಾತ್ರ ಆ ಶಾಲೆಗೆ ಕೋಣೆ ಕೊಟ್ಟಾಗಿದೆ.

2022ರಲ್ಲಿ ವಿವೇಕ ಯೋಜನೆ ಅಂತ ರಾಜ್ಯದಲ್ಲಿ 7,601 ಕೊಠಡಿ ಕಟ್ಟುವ ಘೋಷಣೆ ಆಯಿತು. ಆಳಂದ ತಾಲ್ಲೂಕಿನ ಹಳ್ಳಿಯಲ್ಲೇ ಅಡಿಗಲ್ಲು ಹಾಕಿದರು. ಆ ನವೆಂಬರಿನಲ್ಲಿ ಪತ್ರಿಕೆಗಳ ತುಂಬ ಜಗಳವೋ ಜಗಳ. ಯಾವುದಕ್ಕೆ? ಕೋಣೆಗೆ ಕೇಸರಿ ಬಣ್ಣ ಹಚ್ಚಬೇಕೋ ಬೇಡವೋ ಅಂತ. ಬಣ್ಣದ ಜಗಳ ಆಯಿತು. ಎರೆ ಭೂಮಿಯಲ್ಲಿ ಅಡಿಪಾಯ ಎಷ್ಟು ಆಳ ಹೋಗಬೇಕು ಅಂತ ಆ ಪಕ್ಷದವರೂ ಕೇಳಲಿಲ್ಲ, ಈ ಪಕ್ಷದವರೂ ಕೇಳಲಿಲ್ಲ. ನಾವಾದರೂ ಕೇಳಿದೆವೇ?

ಬೇರೆ ಕಡೆ ಇದನ್ನು ಹೇಗೆ ಬಿಡಿಸಿದ್ದಾರೆ ಅಂತ ಓದಿದಾಗ ಅಮೆರಿಕದ ಒಹಾಯೋ ರಾಜ್ಯದ ಒಂದು ಮೊಕದ್ದಮೆ ಸಿಕ್ಕಿತು. ಅಲ್ಲಿ ಶಾಲೆ ನಡೆಸುವುದಕ್ಕೆ ಆಯಾ ಊರಿನ ಮನೆ ಜಮೀನಿನ ತೆರಿಗೆಯೇ ಮುಖ್ಯ. ಶ್ರೀಮಂತ ಊರಿಗೆ ಅರಮನೆಯಂಥ ಶಾಲೆ, ಕಲ್ಲಿದ್ದಲ ಗಣಿ ಮುಚ್ಚಿದ ಗುಡ್ಡದ ಊರಿಗೆ ಸೋರುವ ಶಾಲೆ. ನಮ್ಮ ಕಥೆಯೇ. ಬಡ ಊರುಗಳ ಶಾಲೆಗಳು 1991ರಲ್ಲಿ ಕೋರ್ಟಿಗೆ ಹೋದವು. ಡಿರಾಲ್ಫ್ ಮೊಕದ್ದಮೆ ಅನ್ನುತ್ತಾರೆ. 1997ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಈ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಶಾಲಾ ಕಟ್ಟಡಕ್ಕೆ ಅಂತ ರಾಜ್ಯದಲ್ಲಿ ಪ್ರತ್ಯೇಕ ಆಯೋಗ ಆಯಿತು. ಅವರು ಮಾಡಿದ್ದು ಸರಳ ಕೆಲಸ. ರಾಜ್ಯದ ಎಲ್ಲ ಶಾಲಾ ಪ್ರದೇಶಗಳನ್ನು ಬಡವರಿಂದ ಶ್ರೀಮಂತರವರೆಗೆ ಒಂದು ಸಾಲಿನಲ್ಲಿ ನಿಲ್ಲಿಸಿದರು. ಸಾಲಿನ ತುದಿಯಲ್ಲಿ ನಿಂತ ಅತಿ ಬಡ ಊರಿಗೆ ಮೊದಲ ಸರದಿ. ಆ ಊರು ತನ್ನ ಕೈಯಿಂದ ಹಾಕಬೇಕಾದ ಪಾಲು ಬಹಳ ಕಡಿಮೆ, ಉಳಿದದ್ದು ರಾಜ್ಯದ್ದು. ಸಾಲಿನಲ್ಲಿ ಮುಂದೆ ಹೋದಂತೆ, ಊರು ಸಿರಿವಂತ ಆದಂತೆ, ಅದರ ಪಾಲು ಏರುತ್ತದೆ. ಅಲ್ಲಿ ಎಲ್ಲ ಸರಿಹೋಯಿತು ಅಂತ ಅಲ್ಲ. ಕೋರ್ಟು ಮತ್ತೆ ಮತ್ತೆ ಹೇಳಿದರೂ ಶಾಲೆ ನಡೆಸುವ ಹಣದ ಜಗಳ ಮುಗಿಯಲಿಲ್ಲ. ಕಟ್ಟಡಗಳು ಮಾತ್ರ ಎದ್ದವು.

ನಮ್ಮಲ್ಲಿ ಆ ಸಾಲು ತಯಾರೇ ಇದೆ. ನಂಜುಂಡಪ್ಪನವರು 2002ರಲ್ಲೇ ತಾಲ್ಲೂಕುಗಳನ್ನು ನಿಲ್ಲಿಸಿ ಕೊಟ್ಟು ಹೋದರು. ಹಳೆಯದಾಯಿತು ಅನ್ನುವುದಾದರೆ ಹೊಸ ಅಂಕಿ ಹಾಕಿ ಮತ್ತೆ ನಿಲ್ಲಿಸಲಿ. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಇದಕ್ಕೇ ಇನ್ನೊಂದು ಸಮಿತಿ ರಚನೆ ಆಯಿತು. ಸಮಿತಿಗಳಿಗೆ ನಮ್ಮಲ್ಲಿ ಬರ ಇಲ್ಲ. ಸಾಲಿನ ತುದಿಯವನಿಗೆ ಮೊದಲು ಬಡಿಸುವ ನಿಯಮ ಬೇಕು, ಅದು ಶಾಸಕರ ಇಚ್ಛೆಗೆ ಬಿಡದ ನಿಯಮ ಆಗಿರಬೇಕು. ದರ ಮಣ್ಣು ನೋಡಿ ಬರೆಯಬೇಕು. ಕೋಣೆ ಎಣಿಸುವಾಗ ತರಗತಿ ನೋಡಬೇಕು. ಊರಿನ ವಂತಿಗೆ ಕೊಟ್ಟರೆ ಮೊದಲು ಮಂಜೂರು ಅನ್ನುವ ಮಾತು ಹಿಂದುಳಿದ ತಾಲ್ಲೂಕಿನಲ್ಲಿ ಎತ್ತಬಾರದು. ವಂತಿಗೆ ಕೊಡುವ ಶಕ್ತಿ ಇದ್ದಿದ್ದರೆ ಅದು ಹಿಂದುಳಿದ ತಾಲ್ಲೂಕು ಹೇಗಾಗುತ್ತಿತ್ತು?

ನಮ್ಮ ಹಿರಿಯರು ಇಂಥ ಪ್ರಶ್ನೆಯನ್ನೇ ಒಮ್ಮೆ ಕೇಳಿದ್ದರು. 1980ರಲ್ಲಿ ನರಗುಂದ ನವಲಗುಂದದಲ್ಲಿ ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟು ಅಂದಾಗ, ಬಾರದ ನೀರಿಗೆ ಕರ ಯಾಕೆ ಅಂದರು. ಆ ಜುಲೈನಲ್ಲಿ ಗುಂಡು ಬಿತ್ತು, ಜೀವ ಹೋಯಿತು, ಅಲ್ಲಿಂದ ರೈತ ಚಳವಳಿ ಎದ್ದಿತು. ನಿಲ್ಲದ ಕೋಣೆಗೆ ಶಿಕ್ಷಣ ಕರ ಯಾಕೆ ಅಂತ ನಾವು ಕರ ನಿಲ್ಲಿಸುವುದು ಬೇಡ. ಅದರ ಲೆಕ್ಕ ಕೇಳೋಣ. ಗ್ರಾಮಸಭೆಯಲ್ಲಿ ಕೇಳಿ, ಬರೆಸಿ. ಜಿಲ್ಲಾ ಪಂಚಾಯಿತಿ ಸದಸ್ಯರನ್ನು ಕೇಳಿ ಅಂತ ಹೇಳುತ್ತಿದ್ದೆ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ನಜೀರ್ ಸಾಬರು 1987ರಲ್ಲಿ ಶಾಲೆಯ ಅಧಿಕಾರವನ್ನು ಜಿಲ್ಲೆಗೆ ತಂದು ಕೊಟ್ಟರು, ಆ ಕುರ್ಚಿ ಖಾಲಿ ಬಿಟ್ಟು ಕೂತೆವು.

ಕೊನೆಗೆ ಒಂದು ಮಾತು. ಇದು ಸರ್ಕಾರದ ಕೆಲಸ ಅಲ್ಲ, ನಮ್ಮದೇ ಕೆಲಸ. ಅನೇಕ ಶಾಲೆಗಳು ನಿಂತಿರುವುದು ನಮ್ಮ ಅಜ್ಜ ಮುತ್ತಜ್ಜ ಕೊಟ್ಟ ಜಾಗದಲ್ಲಿ. ಹತ್ತು ಗುಂಟೆ, ಅರ್ಧ ಎಕರೆ, ಬಾಯಿ ಮಾತಿನಲ್ಲಿ ಕೊಟ್ಟದ್ದು. ಆಗ ಮಾತಿಗೆ ಬೆಲೆ ಇತ್ತು, ಕಾಗದ ಮಾಡಲಿಲ್ಲ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಇವತ್ತಿಗೂ ಅಜ್ಜನ ಹೆಸರೇ ಇದೆ. ಕೋಣೆಗೆ ಹಣ ಬಂದಾಗ ಜಾಗದ ದಾಖಲೆ ಎಲ್ಲಿ ಅಂತ ಕೇಳುತ್ತಾರೆ. ದಾಖಲೆ ಇಲ್ಲ. ಅಷ್ಟರಲ್ಲಿ ಮೊಮ್ಮಕ್ಕಳಲ್ಲಿ ಒಬ್ಬ, ಹೈವೇ ಬಂದು ಜಾಗಕ್ಕೆ ರೇಟು ಏರಿದೆ ಅಂತ, ತಕರಾರು ತೆಗೆಯುತ್ತಾನೆ. ಹಣ ಜಾಗ ಸರಿ ಇರುವ ಊರಿಗೆ ಹೋಗುತ್ತದೆ. ಹೀಗೆ ಪಾಯಕ್ಕೇ ನಿಂತು ಮುಳ್ಳು ಬೆಳೆದ ಕೋಣೆಯನ್ನು ನನ್ನ ಊರಲ್ಲೇ ನೋಡಿದ್ದೇನೆ. ತಕರಾರು ತೆಗೆದವನು ನನ್ನ ದೊಡ್ಡಪ್ಪನ ಮಗ. ಅವನ ಮನೆ ಮುಂದೆ ಕೂತು ಒಪ್ಪಿಸಲಿಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಮಾಡಬೇಕಾದ್ದು ಇಷ್ಟು. ಜಾಗ ಸರ್ವೆ ನಂಬರಿನ ಒಂದು ಭಾಗ ಆಗಿದ್ದರೆ ಮೊದಲು 11ಇ ನಕ್ಷೆ ಮಾಡಿಸಿ. ಪಿತ್ರಾರ್ಜಿತ ಆಸ್ತಿ ಆದರೆ ಎಲ್ಲ ಪಾಲುದಾರರ ಸಹಿ ಬೇಕು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಪಾಲುದಾರರು, ಅವರನ್ನು ಬಿಟ್ಟು ಮಾಡಿದರೆ ನಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಲಾಖೆಯ ಹೆಸರಿಗೆ ದಾನಪತ್ರ, ಅದರ ಹಿಂದೆಯೇ ಖಾತೆ ಬದಲಾವಣೆ. ದಾನಪತ್ರ ಮಾಡಿ ಖಾತೆ ಮರೆತವರು ಬಹಳ ಜನ. ಶಾಲೆ ಊರ ಗಾವಠಾಣದಲ್ಲಿದ್ದರೆ ಪಂಚಾಯಿತಿಯ ನಮೂನೆ 9ರಲ್ಲಿ ಶಾಲೆಯ ಹೆಸರು ಇದೆಯೋ ನೋಡಿ. ಗೋಮಾಳದಲ್ಲಿದ್ದರೆ ಭೂ ಕಂದಾಯ ಕಾಯಿದೆಯ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳು ಕಾಯ್ದಿರಿಸಿದ ಆದೇಶ ಬೇಕು, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅದನ್ನು ಮಾಡಿಸಿ. ಶಾಲಾಭಿವೃದ್ಧಿ ಸಮಿತಿಯ ಠರಾವು ಜೊತೆಗಿರಲಿ.

ನನ್ನ ಮಾತು ಮುಗಿಯಿತು. ಶಾಲೆಯ ಜಾಗದ ಪಹಣಿ ತಂದವರು ಊಟ ಆದ ಮೇಲೆ ಆ ಬೇವಿನ ಮರದ ಕೆಳಗೆ ಬನ್ನಿ. ಒಂದೊಂದಾಗಿ ನೋಡೋಣ. ತರದೇ ಬಂದವರು ಸರ್ವೆ ನಂಬರಾದರೂ ಬರೆಸಿ ಹೋಗಿ.